ಮುದ್ದೆಮಾಲು ತಿಂದ ಸಂಕ್ರಾಂತಿ

ನಮ್ಮ ಮಾವನವರು ಬದುಕಿನಲ್ಲಿ ಒಂದೇ ಒಂದು ಸಲ ಪೊಲೀಸರ ಕೈಗೆ ಸಿಕ್ಕಿದ್ದು ಸಂಕ್ರಾಂತಿ ಹಬ್ಬದ ದಿನ. ಹೊಸ ಪಂಚೆ ಉಟ್ಟು, ಹಬ್ಬದ ಊಟ ಮುಗಿಸಿ, ಸ್ವಲ್ಪ ಗಾಳಿಗೆ ಹೋಗಿ ಬರುತ್ತೇನೆಂದು ನಡುಮನೆಯ ಕಂಬಕ್ಕೆ ಹೇಳಿ ಹೋದವರು ಸಂಜೆಯ ಹೊತ್ತಿಗೆ ಲಾಕಪ್ಪಿನಲ್ಲಿದ್ದರು. ಕಂಬಕ್ಕೆ ಯಾಕೆ ಹೇಳಿದರೆಂದರೆ ಕಂಬದ ಪಕ್ಕದಲ್ಲಿ ನಾನು ನಿಂತಿದ್ದೆ. ಸೊಸೆಯ ಜೊತೆ ನೇರವಾಗಿ ಮಾತಾಡುವ ಪದ್ಧತಿ ಅವರಿಗಿರಲಿಲ್ಲ. ಬಾಯಾರಿದರೆ "ಯಾರಾದ್ರೂ ಒಂದ್ ಲೋಟ ನೀರು ಕೊಟ್ರೆ ಚೆನ್ನಾಗಿತ್ತು" ಎಂದು ತೊಲೆ ನೋಡಿಕೊಂಡು ಹೇಳುವರು, ನಾನು ತಂದು ಪಕ್ಕದಲ್ಲಿಟ್ಟು ಹೋಗುವೆನು. ನಾನು ಮದುವೆಯಾಗಿ ಮತ್ತಿಕೆರೆಯ ಆ ಮನೆಗೆ ಬಂದು ಎರಡು ವರ್ಷ ಕಳೆದಿತ್ತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಮಾವನವರು ಗೂಡ್ಸ್ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಶಿಸ್ತೆಂದರೆ ಶಿಸ್ತು. ನಕ್ಕಿದ್ದನ್ನು ಕಂಡವರಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ದಿನಕ್ಕೆರಡು ಹೊತ್ತು ಇನ್ಸುಲಿನ್ ಚುಚ್ಚಬೇಕಿತ್ತು. ಸೂಜಿ ಕಂಡರೆ ನನ್ನ ಗಂಡನಿಗೆ ತಲೆ ಸುತ್ತುತ್ತಿತ್ತು, ಅತ್ತೆಗೆ ಕೈ ನಡುಗುತ್ತಿತ್ತು. ಹಾಗಾಗಿ ಮಲ್ಲೇಶ್ವರದ ಡಾಕ್ಟರು ಆ ಕೆಲಸವನ್ನು ನನಗೆ ಕಲಿಸಿಕೊಟ್ಟರು. ಮುಖ ನೋಡಿ ಮಾತಾಡದ ಸೊಸೆ ಮಾವನ ಮೈ ಮುಟ್ಟುವುದು ಹೇಗೆ? ಅದಕ್ಕೂ ಮನೆಯಲ್ಲಿ ಒಂದು ಉಪಾಯ ಹುಟ್ಟಿತು. ಮಾವನವರು ರೂಮಿನ ಒಳಗೆ ನಿಂತು ಬಾಗಿಲ ಸಂದಿಯಿಂದ ಬರಿಯ ತೋಳನ್ನು ಹೊರಗೆ ಚಾಚುವರು. ನಾನು ಹೊರಗೆ ನಿಂತು, ಕುದಿಸಿದ ಗಾಜಿನ ಸಿರಿಂಜಿನಿಂದ ಚುಚ್ಚುವೆನು. ತೋಳು ಒಳಗೆ ಹೋಗುವುದು. ಎರಡು ವರ್ಷ ನನ್ನ ಪಾಲಿಗೆ ಮಾವನವರೆಂದರೆ ಮುಕ್ಕಾಲು ಪಾಲು ಒಂದು ತೋಳು.

ಡಾಕ್ಟರು ಇನ್ನೊಂದು ಮಾತನ್ನೂ ಒತ್ತಿ ಹೇಳಿದ್ದರು. ಚುಚ್ಚಿದ ಮೇಲೆ ಅರ್ಧ ಗಂಟೆಯೊಳಗೆ ಊಟ ಆಗಲೇಬೇಕು. ತಡವಾದರೆ ರಕ್ತದಲ್ಲಿರುವ ಸಕ್ಕರೆ ತೀರಾ ಇಳಿದುಹೋಗುತ್ತದೆ, ಮನುಷ್ಯ ಬೆವರುತ್ತಾನೆ, ಏನೇನೋ ಮಾತಾಡುತ್ತಾನೆ, ಆಮೇಲೆ ಎಚ್ಚರ ತಪ್ಪುತ್ತಾನೆ. ಆಗ ತಕ್ಷಣ ಸಕ್ಕರೆ ತಿನ್ನಿಸದಿದ್ದರೆ ಜೀವಕ್ಕೇ ಅಪಾಯ. ಇದನ್ನು ಅತ್ತೆಯೂ ಕೇಳಿಸಿಕೊಂಡಿದ್ದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ, "ಸಕ್ಕರೆ ಕಾಯಿಲೆಗೆ ಸಕ್ಕರೆಯೇ ಔಷಧಿಯಂತೆ. ಪಾಪ, ಡಾಕ್ಟರಿಗೂ ವಯಸ್ಸಾಯ್ತು" ಎಂದು ಆ ವಿಷಯವನ್ನು ಅಲ್ಲಿಗೇ ಮುಗಿಸಿದರು. ಅತ್ತೆಯ ವೈದ್ಯಶಾಸ್ತ್ರದಲ್ಲಿ ಇದ್ದದ್ದು ಒಂದೇ ಸೂತ್ರ: ಆ ಮನುಷ್ಯನ ಕೈಗೆ ಸಕ್ಕರೆ ಸಿಗಬಾರದು. ಸಕ್ಕರೆ ಬೆಲ್ಲದ ಪೆಟ್ಟಿಗೆಗೆ ಬೀಗ, ಬೀಗದ ಕೈ ಅವರ ಸೊಂಟದಲ್ಲಿ. ಸ್ನಾನಕ್ಕೆ ಹೋಗುವಾಗಲೂ ಅದು ಜೊತೆಯಲ್ಲೇ ಹೋಗುತ್ತಿತ್ತು.

ಕಳ್ಳ ಚಾಪೆ ಕೆಳಗೆ ತೂರಿದರೆ ಮಾವನವರು ರಂಗೋಲಿ ಕೆಳಗೆ ತೂರುವವರು. ಆ ವರ್ಷ ಹಬ್ಬಕ್ಕೆ ಅತ್ತೆ ಮರದ ಅಚ್ಚುಗಳಲ್ಲಿ ಹಾಲು ಹಾಕಿ ಕಾಸಿದ ಪಾಕ ಎರೆದು ಬೇಕಾದಷ್ಟು ಸಕ್ಕರೆ ಅಚ್ಚು ಮಾಡಿದ್ದರು. ಗಿಳಿ, ಆನೆ, ತುಳಸಿಕಟ್ಟೆ, ಎಲ್ಲ ಹಾಲಿನಂತೆ ಬೆಳ್ಳಗೆ. ಒಣಗಲೆಂದು ಮೊರದಲ್ಲಿ ಹರಡಿಟ್ಟಾಗ ಮಾವನವರು ಒಂದಷ್ಟನ್ನು ಪಂಚೆಯ ಮಡಿಲಿಗೆ ಸೇರಿಸಿಕೊಂಡಿದ್ದರು. ತಿನ್ನುವುದಕ್ಕಲ್ಲ, ಇಸ್ಪೀಟಿಗೆ. ಕೆರೆ ಏರಿಯ ಹಿಂದಿನ ಮಾವಿನ ತೋಪಿನಲ್ಲಿ ಅವರೂ ಅವರ ಸ್ನೇಹಿತರೂ ಹಬ್ಬದ ಮಧ್ಯಾಹ್ನ ಆಟಕ್ಕೆ ಕೂರುತ್ತಿದ್ದರು. ದುಡ್ಡು ಕಟ್ಟಿ ಆಡುವುದು ತಪ್ಪೆಂದು ಪಣಕ್ಕೆ ಸಕ್ಕರೆ ಅಚ್ಚು ಇಟ್ಟಿದ್ದರು. ಹೊಸದಾಗಿ ಬಂದಿದ್ದ ಎಳೆಯ ಸಬ್ ಇನ್ಸ್‌ಪೆಕ್ಟರಿಗೆ ಯಾರೋ ಚಾಡಿ ಹೇಳಿದರು, ಅವರು ಜೀಪು ತಂದರು. ಅಚ್ಚುಗಳನ್ನು ನೋಡಿ, ಇದು ದುಡ್ಡಿನ ಲೆಕ್ಕಕ್ಕೆ ಇಟ್ಟ ಗುರುತು, ಒಂದು ಆನೆಗೆ ಇಷ್ಟು, ಒಂದು ಗಿಳಿಗೆ ಇಷ್ಟು ಎಂದು ತೀರ್ಮಾನಿಸಿದರು. ಇಸ್ಪೀಟೆಲೆಯನ್ನೂ ಅಚ್ಚುಗಳನ್ನೂ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಅರಗಿನ ಸೀಲು ಹಾಕಿಸಿದರು. ಹಾಗೆ ಸಾಕ್ಷಿಗೆಂದು ಹಿಡಿದ ವಸ್ತುವಿಗೆ ಪೊಲೀಸರ ಭಾಷೆಯಲ್ಲಿ ಮುದ್ದೆಮಾಲು ಎನ್ನುತ್ತಾರೆ.

ಸುದ್ದಿ ಬಂದಾಗ ನಾನೂ ಅತ್ತೆಯೂ ರೇಷ್ಮೆ ಸೀರೆ ಉಟ್ಟು ಎಳ್ಳು ಬೀರಲು ಹೊರಟಿದ್ದೆವು. ನನ್ನ ಗಂಡ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಎರಡನೇ ಪಾಳಿಯಲ್ಲಿದ್ದರು. ಅತ್ತೆ ಮೊದಲು ಗಡಿಯಾರ ನೋಡಿದರು. ಆಮೇಲೆ, "ಸಂಜೆ ಸೂಜಿ ಹೊತ್ತಾಯ್ತು. ಸಿರಿಂಜು ಕುದಿಸ್ಕೋ, ಅಲ್ಲೇ ಹೋಗಿ ಚುಚ್ಚು" ಎಂದರು. ಎಳ್ಳಿನ ತಟ್ಟೆಯನ್ನು ಕೆಳಗಿಡುವುದು ಇಬ್ಬರಿಗೂ ಮರೆತೇಹೋಯಿತು. ಹಾಗೇ ಠಾಣೆಗೆ ಹೋದೆವು.

ಠಾಣೆಯಲ್ಲಿ ಒಬ್ಬ ದಫೇದಾರರಿದ್ದರು. ಯಲಹಂಕದ ಕಡೆಯವರು, ದೊಡ್ಡ ಮೀಸೆ, ಬಹಳ ಒಳ್ಳೆಯ ಮನಸ್ಸು. ಆ ದಿನ ನಮಗೆ ಬಂದ ಕಷ್ಟವೆಲ್ಲ ಆ ಒಳ್ಳೆಯ ಮನಸ್ಸಿನಿಂದಲೇ.

"ಯಾರನ್ನ ನೋಡ್ಬೇಕವ್ವ? ಎಸರೇನು?" ಎಂದು ಕೇಳಿದರು.

ಅತ್ತೆ ಗಂಡನ ಹೆಸರು ಹೇಳುವವರಲ್ಲ. ಮಾವನ ಹೆಸರು ಹೇಳಲು ನನಗೂ ಬಾಯಿ ಬರಲಿಲ್ಲ. "ನಮ್ಮನೆಯವರು" ಎಂದರು ಅತ್ತೆ.

"ಒಳಗೆ ಇರೋರೆಲ್ಲ ಯಾರ್ದೋ ಒಬ್ಬರ ಮನೆಯವರೇ ಕಣವ್ವ."

"ಸಕ್ಕರೆ ಕಾಯಿಲೆ ಇದೆಯಲ್ಲ, ಅವರು" ಎಂದರು ಅತ್ತೆ. ಅಲ್ಲಿಗೆ ಮಾವನವರಿಗೆ ಠಾಣೆಯಲ್ಲಿ ನಾಮಕರಣವಾಯಿತು. ಆಮೇಲೆ ಎಲ್ಲರ ಬಾಯಲ್ಲೂ ಅವರು ಸಕ್ಕರೆ ಕಾಯಿಲೆಯವರೇ.

ಅತ್ತೆ ಕಣ್ಣೊರೆಸಿಕೊಂಡು, ತಟ್ಟೆ ಕೈಯಲ್ಲಿದ್ದದ್ದನ್ನು ಆಗ ನೋಡಿ, ಹೊರಟ ಕೆಲಸ ಆಗಿಯೇ ಬಿಡಲಿ ಎಂದು ದಫೇದಾರರಿಂದ ಹಿಡಿದು ಕೊನೆಯ ಪೇದೆಯವರೆಗೂ ಎಳ್ಳು ಬೀರಿದರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎಂದು ಒಬ್ಬೊಬ್ಬರಿಗೂ ಹೇಳಿದರು. ಉಳಿದದ್ದನ್ನು ಸರಳಿನ ಸಂದಿಯಿಂದ ಮಾವನವರ ಸ್ನೇಹಿತರಿಗೆ ಕೊಟ್ಟರು. ತಟ್ಟೆ ಖಾಲಿಯಾಯಿತು. ಗಂಡನಿಗೆ ಮಾತ್ರ ಒಂದು ಕಾಳು ಎಳ್ಳೂ ಕೊಡಲಿಲ್ಲ, ಬದಲಿಗೆ ಚೆನ್ನಾಗಿ ದುರುಗುಟ್ಟಿ ನೋಡಿದರು.

ಔಷಧಿಗೆ ದಫೇದಾರರು ತಕ್ಷಣ ಒಪ್ಪಿದರು. ಮನೆ ಊಟ ಒಳಗೆ ಬಿಡುವ ಹಾಗಿಲ್ಲ, ಆದರೆ ಎದುರಿನ ಹೋಟೆಲಿನಿಂದ ಎಲ್ಲರಿಗೂ ಊಟ ಇನ್ನೇನು ಬಂತು, ಎಲೆ ಹಾಕುವುದೇ ಬಾಕಿ ಎಂದರು. ಸರಿ, ನಾನು ಸರಳಿನ ಹತ್ತಿರ ಹೋದೆ. ಮಾವನವರು ಆ ಕಡೆ ತಿರುಗಿ ನಿಂತು, ಸರಳಿನ ನಡುವಿನಿಂದ ತೋಳು ಚಾಚಿದರು. ಥೇಟ್ ಮನೆಯ ಹಾಗೆಯೇ! ನನಗೆ ನಗು ಉಕ್ಕಿ ಬಂದು ತುಟಿ ಕಚ್ಚಿಕೊಂಡೆ. ಸೊಸೆಗೆ ಮರ್ಯಾದೆಯಿಂದ ತೋಳು ಕೊಡಲು ಲಾಕಪ್ಪಿನಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಚುಚ್ಚಿದೆ. ತೋಳು ಒಳಗೆ ಹೋಯಿತು.

ಊಟವೂ ಬಂತು. ಐದು ಎಲೆ, ಬಿಸಿ ಅನ್ನ, ಸಾರು. ನಾಲ್ವರು ಕೂತು ಉಣ್ಣತೊಡಗಿದರು. ದಫೇದಾರರು ಮಾವನವರ ಮುಂದಿನ ಎಲೆಯನ್ನು ಎತ್ತಿಕೊಂಡು ಪಹರೆಯವನಿಗೆ ಕೊಟ್ಟುಬಿಟ್ಟರು.

"ಸಕ್ಕರೆ ಕಾಯಿಲೆಯವ್ರು ಅನ್ನ ತಿನ್ಬಾರ್ದು. ನಮ್ಮ ದೊಡ್ಡಪ್ಪಂಗೂ ಇತ್ತು, ನಂಗೊತ್ತು. ಈ ಹೋಟ್ಲಲ್ಲಿ ಚಪಾತಿ ಸಿಗಲ್ಲ, ತರಕ್ಕೆ ಯಶವಂತಪುರಕ್ಕೆ ಕಳಿಸಿವ್ನಿ" ಎಂದರು.

"ಪುಣ್ಯಾತ್ಮರು ನೀವು. ನಮ್ಮ ಮನೇಲಿ ಹೇಳಿದ್ರೆ ಯಾರೂ ಕೇಳಲ್ಲ" ಎಂದರು ಅತ್ತೆ. ಅವರಿಬ್ಬರಿಗೂ ಆ ಕ್ಷಣದಿಂದ ಅಣ್ಣ ತಂಗಿಯ ನಂಟು ಬೆಳೆಯಿತು. "ಅತ್ತೆ, ಅನ್ನವಾದ್ರೂ ಸರಿ, ಈಗಲೇ ತಿನ್ನಬೇಕು" ಎಂದು ನಾನು ಪಿಸುಗುಟ್ಟಿದೆ. "ಚಪಾತಿ ಬರ್ತಿದೆಯಲ್ಲ, ಸುಮ್ನಿರು" ಎಂದರು.

ಚಪಾತಿ ಬರಲಿಲ್ಲ. ಅದು ಬರುವ ದಾರಿಯಲ್ಲಿ ಹುಲ್ಲು ಹೊತ್ತಿಸಿ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದರು. ಕೊಂಬಿಗೆ ಬಣ್ಣ ಬಳಿದ ಎತ್ತು ಹಸುಗಳು ರಸ್ತೆ ತುಂಬ ನುಗ್ಗಿ, ಚಪಾತಿ ತರಲು ಹೋದ ಪೇದೆ ಆ ಕಡೆಯೇ ಸಿಕ್ಕಿಹಾಕಿಕೊಂಡ. ಸಬ್ ಇನ್ಸ್‌ಪೆಕ್ಟರೂ ಅಲ್ಲಿಗೇ ಬಂದೋಬಸ್ತಿಗೆ ಹೋಗಿದ್ದರು. ಹೊಗೆಯ ವಾಸನೆಯೂ ತಮಟೆಯ ಸದ್ದೂ ಠಾಣೆಯೊಳಗೆ ಬರುತ್ತಿದ್ದವು, ಚಪಾತಿಯೊಂದು ಬಿಟ್ಟು.

ಸ್ವಲ್ಪ ಹೊತ್ತಿಗೆ ಸರಳಿನ ಹಿಂದಿನಿಂದ ಒಂದು ಶಿಳ್ಳೆ ಕೇಳಿತು. ಮಾವನವರು ಎದ್ದು ನಿಂತಿದ್ದರು. ಜನವರಿಯ ಚಳಿಯಲ್ಲಿ ಹಣೆಯಿಂದ ಬೆವರು ಇಳಿಯುತ್ತಿತ್ತು. ಹೆಗಲ ಮೇಲಿನ ವಸ್ತ್ರವನ್ನು ಹಸಿರು ನಿಶಾನೆಯಂತೆ ಬೀಸುತ್ತ, "ಯಶವಂತಪುರ ಬಿಟ್ಟಾಯ್ತು. ದಫೇದಾರ್ರೇ, ಫುಟ್‌ಬೋರ್ಡ್ ಮೇಲೆ ನಿಲ್ಬೇಡಿ, ಒಳಗ್ ಬನ್ನಿ" ಎಂದರು. ಆಮೇಲೆ ನಕ್ಕರು. ಹಲ್ಲೆಲ್ಲ ಕಾಣುವ ಹಾಗೆ, ಹೊಟ್ಟೆ ಹಿಡಿದುಕೊಂಡು. ನನ್ನ ಕಡೆ ನೇರವಾಗಿ ನೋಡಿ, "ಏನಮ್ಮ ಸೊಸೆ, ಟಿಕೆಟ್ ಇದೆಯೇನಮ್ಮ ನಿನ್ ಹತ್ರ?" ಎಂದು ಕೇಳಿದರು. ಎರಡು ವರ್ಷದಲ್ಲಿ ಅವರು ನನಗೆ ಆಡಿದ ಮೊದಲ ಮಾತು ಅದು.

ಠಾಣೆಗೆ ಠಾಣೆಯೇ ನಕ್ಕಿತು. ದಫೇದಾರರ ಕಣ್ಣಲ್ಲಿ ನೀರು ಬಂತು. ಸುಳ್ಳೇಕೆ, ನನಗೂ ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ಡಾಕ್ಟರ ಮಾತು ನೆನಪಾಯಿತು: ಬೆವರುತ್ತಾನೆ, ಏನೇನೋ ಮಾತಾಡುತ್ತಾನೆ. ಅಷ್ಟರಲ್ಲಿ ದಫೇದಾರರ ನಗುವೂ ನಿಂತಿತ್ತು.

"ಇವ್ರು ಕುಡ್ದವ್ರೆ. ಆ ಸೂಜೀಲಿ ಏನಿತ್ತವ್ವ?"

"ಅರೆ ದಫೇದಾರ್ ಸಾಬ್, ಅವ್ರು ಸೋಡಾ ಕೂಡ ಕುಡಿಯೋರಲ್ಲ" ಎಂದರು ಲಾಕಪ್ಪಿನೊಳಗಿಂದ ಮಾವನವರ ಸ್ನೇಹಿತರಾದ ಸಾಹೇಬರು. ಜಟಕಾ ಗಾಡಿಯ ಚಕ್ರ ಮಾಡುವ ಕಸುಬು ಅವರದು. ಮಾವನವರನ್ನು ಅವರೇ ಹಿಡಿದು ಕೂರಿಸಿದರು. "ಬೇಟಿ, ಇವ್ರ ಕೈ ಬರಫ್ ಥರಾ ತಣ್ಣಗಾಗಿದೆ. ಏನಾದ್ರೂ ಮಾಡು."

"ಸಕ್ಕರೆ ಬೇಕು. ಈಗಲೇ ತಿನ್ನಿಸ್ಬೇಕು" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು.

ದಫೇದಾರರು ಬಾಗಿಲಿಗೆ ಅಡ್ಡ ನಿಂತಂತೆ ಎರಡು ಕೈ ಅಗಲಿಸಿದರು. "ಸಕ್ಕರೆ ಕಾಯಿಲೆಯವ್ರಿಗೆ ಸಕ್ಕರೆನಾ? ನನ್ ಲಾಕಪ್ಪಲ್ಲಿ ಸಾಯ್ಸಬೇಕು ಅಂತಿದ್ದೀಯಾ ತಾಯಿ? ಇಂಗೆಲ್ಲ ಮಾಡ್ಬ್ಯಾಡ."

"ನಿನ್ ಬುದ್ಧಿ ನೆಟ್ಟಗಿದೆಯೇನೇ?" ಎಂದರು ಅತ್ತೆ. ಅಣ್ಣ ತಂಗಿ ಒಂದಾಗಿಬಿಟ್ಟರು. ನಾನು ಡಾಕ್ಟರು ಹೇಳಿದ್ದನ್ನು ಅಷ್ಟೂ ಹೇಳಿದೆ, ಅಳುತ್ತ ಹೇಳಿದೆ. ಹೊಸ ಸೊಸೆಯ ಮಾತು, ಗಾಳಿಗೆ ಹೋಯಿತು.

ಅತ್ತೆ ಸರಳಿಗೆ ಮುಖ ಒತ್ತಿ, "ಏನ್ರೀ, ಏನಾಗ್ತಿದೆ ಹೇಳಿ" ಎಂದರು. ಮಾವನವರು ಬಹಳ ಹೊತ್ತು ಅವರನ್ನೇ ನೋಡಿದರು. ನಗು ಎಲ್ಲೋ ಹೋಗಿತ್ತು, ನಾಲಿಗೆ ತೊದಲುತ್ತಿತ್ತು. "ತಾವು ಯಾರಮ್ಮ? ಯಾವ ಸ್ಟೇಷನ್ನಿಗೆ?" ಎಂದರು.

ಅತ್ತೆಯ ಮುಖ ಬಿಳಿಚಿಕೊಂಡಿತು. ನನ್ನ ಕಡೆ ತಿರುಗಿ, "ಡಾಕ್ಟರು ನಿಜವಾಗ್ಲೂ ಸಕ್ಕರೆ ಅಂದ್ರಾ?" ಎಂದು ಕೇಳಿದರು. ತಲೆಯಾಡಿಸಿದೆ. ಅವರು ಖಾಲಿ ತಟ್ಟೆ ನೋಡಿದರು. ಎಳ್ಳು ಬೆಲ್ಲವೆಲ್ಲ ಪೊಲೀಸರ ಹೊಟ್ಟೆಯಲ್ಲಿತ್ತು. ಎದುರಿನ ಹೋಟೆಲಿನವನು ಊಟ ಕೊಟ್ಟವನೇ ಬಾಗಿಲು ಹಾಕಿಕೊಂಡು ಕಿಚ್ಚು ನೋಡಲು ಹೋಗಿದ್ದ. ಆಮೇಲೆ ಅವರ ಕಣ್ಣು ಮೇಜಿನ ಮೇಲಿದ್ದ ಬಿಳಿ ಗಂಟಿನ ಮೇಲೆ ಬಿತ್ತು.

ನಾನು ಕಂಡ ಹಾಗೆ ಅತ್ತೆ ಓಡಿದ್ದು ಅದೊಂದೇ ಸಲ. ಸೊಂಟದಿಂದ ಸಕ್ಕರೆ ಪೆಟ್ಟಿಗೆಯ ಬೀಗದ ಕೈ ಕಿತ್ತು, ಅದರ ತುದಿಯಿಂದ ಅರಗಿನ ಸೀಲು ಒಡೆದರು.

"ಅಯ್ಯಯ್ಯೋ, ಅದು ಮುದ್ದೆಮಾಲು ಕಣವ್ವ, ಸಾಕ್ಷಿ ಅದು" ಎಂದು ದಫೇದಾರರು ಹಿಂದೆಯೇ ಬಂದರು.

"ಸಾಕ್ಷಿ ಎರೆದಿದ್ದು ನಾನು. ನಮ್ಮನೆ ಅಚ್ಚು, ನಮ್ಮನೆ ಹಾಲು. ದೂರ ನಿಲ್ಲಿ" ಎಂದರು ಅತ್ತೆ. ಒಂದು ಗಿಳಿಯನ್ನು ತಟ್ಟೆಯಲ್ಲಿಟ್ಟು ಬೀಗದ ಕೈಯಿಂದ ಕುಟ್ಟಿ ಪುಡಿ ಮಾಡಿ, ಸರಳಿನೊಳಗೆ ಕೈ ತೂರಿಸಿ ಗಂಡನ ಬಾಯಿಗೆ ಹಾಕಿದರು. ಸಾಹೇಬರು ಗದ್ದ ಹಿಡಿದುಕೊಂಡರು. ಇನ್ನೊಂದು ಗಿಳಿ. ಒಂದು ಆನೆ. "ನುಂಗಿ, ನುಂಗಿ" ಎನ್ನುತ್ತ ಅತ್ತೆ ಅಳುತ್ತಿದ್ದರು. ಇಷ್ಟು ವರ್ಷ ಯಾವುದು ಆ ಬಾಯಿಗೆ ಹೋಗದಿರಲೆಂದು ಹೋರಾಡಿದ್ದರೋ ಅದನ್ನೇ ಹೋಗಲಿ ಹೋಗಲಿ ಎಂದು ಬೇಡುತ್ತಿದ್ದರು.  ಹೊರಗೆ ತಮಟೆ ಬಡಿಯುತ್ತಲೇ ಇತ್ತು.

ಮೆಲ್ಲಗೆ ಬೆವರು ನಿಂತಿತು. ಮಾವನವರು ಕಣ್ಣು ಉಜ್ಜಿಕೊಂಡು ಸುತ್ತ ನೋಡಿದರು. ಊರ ಪೊಲೀಸರ ಮುಂದೆ ಹೆಂಡತಿಯ ಬೆರಳು ತಮ್ಮ ಬಾಯಲ್ಲಿರುವುದು ಗೊತ್ತಾಗಿ ಕಿವಿಯ ತನಕ ಕೆಂಪಾದರು. ಗೋಡೆಯ ಕಡೆ ತಿರುಗಿ, "ಯಾರೋ ಅಚ್ಚಿಗೆ ಹಾಲು ಸ್ವಲ್ಪ ಜಾಸ್ತಿ ಹಾಕಿದ್ದಾರೆ" ಎಂದರು. ಗೋಡೆಯ ಜೊತೆ ಮಾತಾಡಿದರಲ್ಲ, ಹುಷಾರಾದರು ಎಂದು ನನಗೆ ಆಗ ಧೈರ್ಯ ಬಂತು. ಕಣ್ಣೊರೆಸಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟೆ.

ಚಪಾತಿಯೂ ಸಬ್ ಇನ್ಸ್‌ಪೆಕ್ಟರೂ ಒಟ್ಟಿಗೇ ಬಂದರು. ಮಾವನವರು ಚಪಾತಿ ತಿನ್ನತೊಡಗಿದರು. ಸಬ್ ಇನ್ಸ್‌ಪೆಕ್ಟರು ಬಿಚ್ಚಿದ ಗಂಟನ್ನು ನೋಡಿ, "ಮುದ್ದೆಮಾಲು ಎಲ್ರೀ?" ಎಂದರು.

ದಫೇದಾರರು ಅಟೆನ್ಷನ್ನಿನಲ್ಲಿ ನಿಂತು, "ಆರೋಪಿ ತಿಂದ್ಬಿಟ್ರು ಸಾರ್" ಎಂದರು. ಆಮೇಲೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, "ತಿನ್ನದೆ ಇದ್ದಿದ್ರೆ ಬದುಕ್ತಿರ್ಲಿಲ್ಲ ಸಾರ್. ಎಲೆ ಎತ್ತಿದ್ದು ನಾನೇ" ಎಂದು ಸೇರಿಸಿದರು. ಆ ಎಳೆಯ ಅಧಿಕಾರಿ ಟೋಪಿ ತೆಗೆದು ಮೇಜಿನ ಮೇಲಿಟ್ಟು ಕೂತರು. ಇಸ್ಪೀಟೆಲೆ ಬಿಟ್ಟರೆ ಗಂಟಿನಲ್ಲಿ ಉಳಿದಿದ್ದು ಒಂದೇ ಒಂದು ತುಳಸಿಕಟ್ಟೆ. ಅತ್ತೆ ಅದನ್ನು ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದು, "ನಿಮಗೆ ಎಳ್ಳು ಬೀರೋದು ಬಿಟ್ಟುಹೋಗಿತ್ತು. ತಗೊಳ್ಳಿ ಸ್ವಾಮಿ, ತಿಂದು ಒಳ್ಳೆ ಮಾತಾಡಿ" ಎಂದರು. ಅವರು ಒಂದು ಸಲ ದಫೇದಾರರನ್ನೂ ಒಂದು ಸಲ ಲಾಕಪ್ಪನ್ನೂ ನೋಡಿ, ಕೊನೆಯ ಸಾಕ್ಷಿಯನ್ನು ಬಾಯಿಗೆ ಹಾಕಿಕೊಂಡರು. ಕೇಸು ಅಲ್ಲಿಗೆ ಕರಗಿತು. ಬುದ್ಧಿ ಹೇಳಿ ಎಲ್ಲರನ್ನೂ ಮನೆಗೆ ಕಳಿಸಿದರು.

ಮರುದಿನ ಬೆಳಿಗ್ಗೆ ಸಿರಿಂಜು ಹಿಡಿದು ಬಾಗಿಲ ಹೊರಗೆ ನಿಂತೆ. ತೋಳು ಬರಲಿಲ್ಲ. ಬಾಗಿಲು ಪೂರಾ ತೆಗೆದುಕೊಂಡು ಮಾವನವರೇ ಬಂದರು. ಮಣೆ ಎಳೆದುಕೊಂಡು ನನ್ನ ಎದುರಿಗೆ ಕೂತು, "ಹಾಕಮ್ಮ. ಮನೇಲಿ ಇನ್ನೂ ಸರಳು ಯಾಕೆ" ಎಂದರು.

ಅತ್ತೆ ಆಗಲೇ ಊಟದ ತಟ್ಟೆ ತಂದು ಪಕ್ಕದಲ್ಲಿ ಕಾಯುತ್ತಿದ್ದರು. ಸಕ್ಕರೆ ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲೇ ಇತ್ತು, ಆ ವಿಷಯದಲ್ಲಿ ಮಾವನವರನ್ನು ಅವರು ಕೊನೆಯವರೆಗೂ ನಂಬಲಿಲ್ಲ. ಆದರೆ ಅಂದಿನಿಂದ ಅವರ ಸೆರಗಿನ ತುದಿಯಲ್ಲಿ ಒಂದು ಪುಟ್ಟ ಗಂಟು ಇರುತ್ತಿತ್ತು. ಅದರೊಳಗೆ ಒಂದು ಸಕ್ಕರೆ ಗಿಳಿ. ಮದುವೆ ಮನೆಯಿರಲಿ, ಬಸ್ಸಿರಲಿ, ಮಾವನವರ ಮಾತು ಸ್ವಲ್ಪ ತಡವರಿಸಿದರೆ ಸಾಕು, ಅತ್ತೆಯ ಕೈ ಆ ಗಂಟಿಗೆ ಹೋಗುತ್ತಿತ್ತು. ಪ್ರತಿ ಸಂಕ್ರಾಂತಿಗೂ ಅಚ್ಚು ಎರೆದಾಗ ಹಳೆಯ ಗಿಳಿಯನ್ನು ಬಿಚ್ಚಿ ಹೊಸದನ್ನು ಕಟ್ಟಿಕೊಳ್ಳುವರು. ಆ ಹಳೆಯ ಗಿಳಿಯನ್ನು, ವರ್ಷಕ್ಕೆ ಒಂದೇ ಒಂದು ಸಲ, ಯಾರೂ ನೋಡುತ್ತಿಲ್ಲವೆಂದುಕೊಂಡು, ಗಂಡನ ಬಾಯಿಗೆ ಹಾಕುವರು.