ಗೆರೆಗೆ ಕೂರದ ಪೆಟ್ಟು

ಯಾರಾದರೂ ಗಡಿಯಾರದಂತೆ ಸಮಸಮವಾಗಿ ತಬಲಾ ಬಾರಿಸಿದರೆ ಈಶ್ವರ ಮಾಸ್ತರರ ಮುಖ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ಹೊರಗೆ ಹೋಗಿ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗುಳಿ ಬರುತ್ತಿದ್ದರು.

ನಮ್ಮೂರು ಮಂಕಿಯಲ್ಲಿ ಅವರಿಗೆ ಹಗಲು ವೈರಿಂಗ್ ಕೆಲಸ, ಸಂಜೆ ನಮ್ಮಂಥವರಿಗೆ ತಬಲಾ ಪಾಠ. ಭಜನೆಗೂ ಅವರೇ, ಮದುವೆ ಆರ್ಕೆಸ್ಟ್ರಾದ ಡ್ರಮ್ಮಿಗೂ ಅವರೇ. ಜೋಡಿ ಪೆಟ್ಟಿನಲ್ಲಿ ಮೊದಲನೆಯದನ್ನು ಕೊಂಚ ಎಳೆದು, ಎರಡನೆಯದನ್ನು ತಡವಾಗಿ, ಗಿಡ್ಡವಾಗಿ ಇಡುತ್ತಿದ್ದರು. ಕೂತವರ ಭುಜ ತಾನಾಗಿ ಆಡುತ್ತಿತ್ತು. ಎಷ್ಟು ಎಳೆಯಬೇಕೆಂದು ಕೇಳಿದರೆ, "ಅದ್ಕೆ ಅಳತೆ ಎಂತದೂ ಇಲ್ಲ ತಮಾ. ಹಾಡು ಓಡ್ತಾ ಇದ್ರೆ ಸ್ವಲ್ಪ, ನಿಧಾನ ಇದ್ರೆ ಜಾಸ್ತಿ" ಎನ್ನುತ್ತಿದ್ದರು.

ಒಮ್ಮೆ ಫೋನಿನಲ್ಲಿ ಅಮೆರಿಕದ ಹಳೆಯ ಜಾಝ್ ಸಂಗೀತದ ಒಬ್ಬ ಡ್ರಮ್ಮರ್ ಬಾರಿಸಿದ್ದನ್ನು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. "ಇವ ನಮ್ಮ ಭಜನೆಗೆ ಕೂತ್ರೂ ನಡೀತದೆ ಮಾರಾಯ. ಇವ ತಾಳಕ್ಕೆ ಒರಗ್ಕಂಡು ಬಾರಿಸ್ತಾನೆ, ನಾವು ಮುಂದೆ ಬಗ್ಗಿ ಬಾರಿಸ್ತೇವೆ. ಅಷ್ಟೇ."

ನಾನು ಹೊನ್ನಾವರದಲ್ಲಿ ಸಣ್ಣ ರೆಕಾರ್ಡಿಂಗ್ ಕೋಣೆ ತೆರೆದಾಗ ಭಜನೆಯ ಹಾಡುಗಳಿಗೆ ಅವರನ್ನೇ ಕರೆದೆ. ಒಂದೇ ಸಲಕ್ಕೆ ಬಾರಿಸಿ ಹೋದರು. ಕಂಪ್ಯೂಟರಿನ ಪರದೆಯಲ್ಲಿ ನೋಡಿದರೆ ಪೆಟ್ಟುಗಳೆಲ್ಲ ಸಮ ತಾಳ ತೋರಿಸುವ ಗೆರೆ ಬಿಟ್ಟು ಬಿದ್ದಿದ್ದವು. "ಮಾಸ್ತರಿಗೆ ವಯಸ್ಸಾತು, ಕೈ ತಪ್ತಾ ಅದೆ" ಎಂದ ಹಾಡುಗಳಿಗೆ ಕೀಬೋರ್ಡ್ ನುಡಿಸುವವ. ತಪ್ಪಲ್ಲವೆಂದು ನನ್ನ ಕಿವಿಗೆ ಗೊತ್ತಿತ್ತು. ಆದರೂ ಒಂದೊಂದೇ ಪೆಟ್ಟನ್ನು ಸರಿಸಿ ಗೆರೆಗೆ ಕೂರಿಸಿದೆ.

ಕೇಳಲು ಬಂದ ಮಾಸ್ತರರು ಹಾಡು ಮುಗಿಯುವವರೆಗೂ ಅಲುಗಾಡಲಿಲ್ಲ.

"ನಾ ತಪ್ಪಿದ್ನಾ?"

"ಹಾಗಲ್ಲ ಮಾಸ್ತರೆ. ಸ್ವಲ್ಪ ಸರಿ ಮಾಡಿದೆ."

"ಆತು" ಎಂದು ಚಪ್ಪಲಿ ಮೆಟ್ಟಿ ಹೊರಟರು.

ಮತ್ತೆ ಕರೆದಾಗಲೆಲ್ಲ ವೈರಿಂಗ್ ಕೆಲಸವಿದೆ ಎಂದರು. ಭಜನೆಯಲ್ಲೂ ಕೈ ಅಳುಕತೊಡಗಿತು. ಎರಡನೆಯ ಪೆಟ್ಟು ಇಡುವ ಮೊದಲು ನನ್ನತ್ತ ಒಮ್ಮೆ ನೋಡುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ.

ಕಳೆದ ಮಳೆಗಾಲ ಎದೆನೋವು ಬಂದು ತೀರಿಕೊಂಡರು. ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ ಅವರ ಮಗಳು ಸುಜಾತಾ ನನ್ನ ಬಳಿ ಬಂದಳು. "ಅಪ್ಪ ಬಾರಿಸಿದ್ದು ನಮ್ಮ ಹತ್ರ ಎಂತದೂ ಇಲ್ಲ. ನಿಮ್ಮ ಹತ್ರ ಅದೆಯಂತಲ್ಲ ಅಣ್ಣ, ಕೊಡ್ತೀರಾ?" ತಿದ್ದಿದ್ದನ್ನೇ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ನನ್ನಲ್ಲಿದ್ದದ್ದೂ ಅದೊಂದೇ.

ವಾರ ಬಿಟ್ಟು ಫೋನ್ ಮಾಡಿದಳು. "ತಪ್ಪಿ ಬೇರೆ ಯಾರದ್ದೋ ಕೊಟ್ಟೀರಿ ಕಾಣ್ತದೆ ಅಣ್ಣ. ಇದು ಅಪ್ಪಂದಲ್ಲ."

ಅಪ್ಪನದೇ, ನಾನು ತಿದ್ದಿದ್ದು, ಮೊದಲಿನದನ್ನು ಅಳಿಸಿಬಿಟ್ಟೆ ಎಂದೆ.

"ಅಮ್ಮನ ಹತ್ರ ಹೇಳ್ಬೇಡಿ" ಎಂದಳು. "ಅವ್ರು ದಿನಾ ಇದ್ನೇ ಹಾಕ್ಕಂಡು ಕೂತಿರ್ತಾರೆ."