ಕೆ.ಆರ್. ಪುರಕ್ಕೆ ಬಂದ ಚೀನಾ ಮೆಷೀನು

ಮೆಷೀನು ಚೆನ್ನೈ ಬಂದರಿನಲ್ಲೇ ಕೂತುಬಿಡಬಹುದಿತ್ತು. ಅದನ್ನು ಜೋಡಿಸಲು ಬರಬೇಕಾದ ಚೀನಾದ ಇಂಜಿನಿಯರಿಗೆ ವೀಸಾ ಸಿಗದೆ ಹೋಗಬಹುದಿತ್ತು. ಸಿಕ್ಕರೂ, ಆಕೆ ಬಂದಿಳಿದ ದಿನವೇ ಗಡಿಯಲ್ಲಿ ಏನಾದರೂ ನಡೆದು, ನಮ್ಮ ಬೀದಿಯವರೆಲ್ಲ ಶೆಡ್ಡಿನ ಮುಂದೆ ಬಂದು ನಿಲ್ಲಬಹುದಿತ್ತು. ಕ್ರೇನು ಹಳೆ ಮದ್ರಾಸು ರಸ್ತೆ ಬಿಟ್ಟು ಗಲ್ಲಿಗೆ ತಿರುಗುವಾಗ ಎದುರುಮನೆಯ ಬಾಲ್ಕನಿಯನ್ನು ಕಿತ್ತುಕೊಂಡು ಹೋಗಬಹುದಿತ್ತು. ಕರೆಂಟಂತೂ ಹೋಗಿಯೇ ಹೋಗುತ್ತದೆಂದು ಜನರೇಟರ್ ಬಾಡಿಗೆಗೆ ತಂದು, ಅದೂ ಕೆಟ್ಟರೆ ಯಾರಿಗೆ ಫೋನು ಮಾಡಬೇಕೆಂದು ಗೋಡೆಯ ಮೇಲೆ ಬರೆದಿಟ್ಟಿದ್ದೆ. ಬಾಟಲಿ ಮುಚ್ಚಳ ಮಾಡುವುದು ನನ್ನ ಕೆಲಸ. ಚಿಂತೆ ಮಾಡುವುದು ಅದಕ್ಕಿಂತ ಹಳೆಯ ಕಸುಬು.

ಇವೆಲ್ಲಕ್ಕಿಂತ ದೊಡ್ಡ ಹೆದರಿಕೆ ನನಗೆ ಅಪ್ಪನದು.

ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಮೋಲ್ಡು, ಅಂದರೆ ಉಕ್ಕಿನ ಅಚ್ಚು, ಮಾಡುತ್ತಿದ್ದವರು. ನಿವೃತ್ತರಾದ ಮೇಲೆ ಕೆ.ಆರ್. ಪುರದಲ್ಲಿ ಈ ಶೆಡ್ಡು ಹಾಕಿದರು. ಇಲ್ಲಿ ಯಾವ ಹೊಸ ಮೆಷೀನು ಬಂದರೂ ಅವರು ಕಾಯಿ ಒಡೆಯದೆ ಸ್ವಿಚ್ಚು ಹಾಕುವಂತಿಲ್ಲ. ಅವರ ಅಣ್ಣ, ನನ್ನ ದೊಡ್ಡಪ್ಪ, ಚೀನಾ ಯುದ್ಧದ ಹಿಮದಲ್ಲಿ ಎರಡು ಕಾಲ್ಬೆರಳು ಕಳೆದುಕೊಂಡು ಬಂದಿದ್ದರು. ಹಲಸೂರಿನ ಮನೆಯ ಜಗಲಿಯಲ್ಲಿ ಅವರು ಕಾಲು ಚಾಚಿ ಕೂತಾಗೆಲ್ಲ ನಾನು ಎಣಿಸುತ್ತಿದ್ದೆ. ಪ್ರತಿ ಸಲವೂ ಎಂಟೇ.

ನಾನೂ ಏನು ಕಡಿಮೆ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಗಡಿಯಲ್ಲಿ ನಮ್ಮ ಸೈನಿಕರು ಸತ್ತಾಗ ‘ಚೀನಾ ಮಾಲು ಬೇಡ’ ಎಂದು ಶೆಡ್ಡಿನ ಬಾಗಿಲಿಗೆ ಕಾಗದ ಅಂಟಿಸಿದವನು ನಾನೇ. ಕೋಪ ನಿಜವಾಗಿತ್ತು. ಆದರೆ ಚೀನಾದವರ ಮುಚ್ಚಳ ಸೋರುತ್ತಿರಲಿಲ್ಲ, ನಮ್ಮದು ಸೋರುತ್ತಿತ್ತು ಎಂಬುದೂ ನಿಜ. ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಜಾರುತ್ತಿದ್ದರು. ಅವರ ಮುಚ್ಚಳವನ್ನು ಸೋಲಿಸಬೇಕಾದರೆ ಅವರ ಮೆಷೀನೇ ಬೇಕಿತ್ತು. ಇಂಜಿನಿಯರು ಬರುವ ಹಿಂದಿನ ದಿನ ಕೂತು ಆ ಕಾಗದವನ್ನು ಕೆರೆದು ತೆಗೆದೆ.

“ಚೀನಾದ್ದಕ್ಕೆ ನಾನು ಕಾಯಿ ಒಡೆಯಲ್ಲ,” ಎಂದಿದ್ದರು ಅಪ್ಪ, ಪೇಪರಿನಿಂದ ತಲೆ ಎತ್ತದೆ. “ನೀನ್ ತಂದಿದೀಯ, ನೀನೇ ಒಡ್ಕೊ.”

ಒಡೆಯಬಹುದಿತ್ತು. ಆದರೆ ಅಪ್ಪನ ಕಾಲದಿಂದಲೂ ನಮ್ಮಲ್ಲಿ ಕೆಲಸಕ್ಕಿರುವ ಅಕ್ಕ ಕೈಕಟ್ಟಿ ನಿಂತುಬಿಟ್ಟರು. “ಅಯ್ಯನೋರು ಬರ್ದೆ ನಾವ್ಯಾರೂ ಮುಟ್ಟಲ್ಲ ಸಾರ್. ನಿಮ್ ಕೈಲಿ ಕಾಯಿ ಓರೆಯಾಗ್ ಒಡಿಯತ್ತೆ.”

ಇಂಜಿನಿಯರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಎರಡು ದಿನದಲ್ಲಿ ಕೆಲಸ ಮುಗಿಸಿ, ಮೂರನೆಯ ದಿನ ಬೆಳಿಗ್ಗೆ ಮೆಷೀನು ಓಡಿಸಿ ಹೊರಡಬೇಕಿದ್ದವಳು. ಪೂಜೆಯಿದೆ, ಸ್ವಲ್ಪ ಕಾಯಿರಿ ಎಂದೆ. ಪೂಜೆ ಮಾಡುವವರು ಬರುವುದಿಲ್ಲ ಎಂದು ಹೇಳುವ ಧೈರ್ಯವಾಗಲಿಲ್ಲ. ಹೊತ್ತು ಹೋಗದೆ ಶೆಡ್ಡು ಸುತ್ತುತ್ತಿದ್ದ ಆಕೆ ಮೂಲೆಯ ರ‍್ಯಾಕಿನಿಂದ ಒಂದು ಹಳೆಯ ಅಚ್ಚನ್ನು ಎತ್ತಿಕೊಂಡಳು. ಅದರ ಒಳಮೈ ಮೇಲೆ ಹೆಬ್ಬೆರಳು ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ತನ್ನ ಭಾಷೆಯಲ್ಲಿ ಫೋನಿಗೆ ಏನೋ ಹೇಳಿದಳು. ಅದು ಇಂಗ್ಲಿಷಿನಲ್ಲಿ, ಇದನ್ನು ಯಾವ ಮೆಷೀನಿನಲ್ಲಿ ಮಾಡಿದ್ದು, ಎಂದು ನನ್ನನ್ನು ಕೇಳಿತು.

ಮೆಷೀನಲ್ಲ, ಅಪ್ಪ ಉಕ್ಕು ಉಜ್ಜುವ ಅರ ಹಿಡಿದು ಕೈಯಲ್ಲೇ ತೀಡಿದ್ದು ಎಂದೆ. ಆಕೆ ನಂಬಲಿಲ್ಲ. ಆಮೇಲೆ ನಂಬಿ, ಅವರನ್ನು ನೋಡಬಹುದೇ ಎಂದಳು.

ಮನೆಗೆ ಫೋನು ಮಾಡಿ ಹೇಳಿದೆ.

“ಯಾವ್ ಮೋಲ್ಡು?” ಎಂದರು ಅಪ್ಪ.

“ಶಾಂಪೂ ಮುಚ್ಚಳದ್ದು.”

“ಅದಾ? ಅದೇನ್ ಮಹಾ. ಎಣ್ಣೆ ಬಾಟ್ಲಿದು ನೋಡಿದ್ರೆ ಏನಂತಾಳೋ. ಅದು ಇಲ್ಲಿ ನನ್ ಬೀರುಲಿದೆ.”

“ತರ್ತೀರಾ?”

“ಇನ್ನೇನು, ಕಾಲ್ ಬಂದು ಅದೇ ನಡ್ಕೊಂಡ್ ಬರತ್ತಾ?”

ಮುಕ್ಕಾಲು ಗಂಟೆಯಲ್ಲಿ ಆಟೋ ಬಂತು. ಅಪ್ಪನ ಒಂದು ಕೈಯಲ್ಲಿ ಬಟ್ಟೆ ಸುತ್ತಿದ ಅಚ್ಚು, ಇನ್ನೊಂದರಲ್ಲಿ ಪೂಜೆಯ ಚೀಲ. ಅವರೂ ಇಂಜಿನಿಯರೂ ಅಚ್ಚಿನ ಮೇಲೆ ಬಗ್ಗಿದರು. ಅಪ್ಪ ಗಾಳಿಯಲ್ಲಿ ಅರ ಎಳೆದು ತೋರಿಸಿದರು, ಆಕೆಯೂ ಎಳೆದಳು, ಅಪ್ಪ ಅವಳ ಮೊಣಕೈ ಸರಿಮಾಡಿದರು. “ಆಗ ನಾವು ಮೆಷೀನೇ ಮಾಡ್ತಿದ್ವಮ್ಮ. ಇವನ ಕಾಲದವ್ರು ಕೈಬಿಟ್ರು.” ದೇಶ ಹಿಂದೆ ಬಿದ್ದದ್ದರ ಹೊಣೆಯಷ್ಟನ್ನೂ ಹೊತ್ತು ನಾನು ತಲೆಯಾಡಿಸಿದೆ. ಅಪ್ಪ ನನ್ನ ಕಡೆ ತಿರುಗಿದರು. “ಈ ಮೆಷೀನ್ನ ಚೆನ್ನಾಗ್ ನೋಡಿ ಕಲ್ಕೊ. ಮುಂದಿನ್ದು ಇಲ್ಲೇ ಮಾಡ್ಬೇಕು.”

ಆಮೇಲೆ ಹೂವು, ಅರಿಶಿನ, ಕುಂಕುಮ, ಗಂಧದಕಡ್ಡಿ. ಮೆಷೀನಿನ ಒಂದು ಬದಿಯೂ ಬಿಡದಂತೆ ಪೂಜೆ ಮಾಡಿ ಒಂದೇ ಏಟಿಗೆ ಕಾಯಿ ಒಡೆದರು. ಎರಡು ಸಮ ಹೋಳು. ಅಕ್ಕ ಸ್ವಿಚ್ಚು ಹಾಕಿದರು.

ಕೆಂಪು ದೀಪ ಹತ್ತಿತು. ಮೆಷೀನು ಕದಲಲಿಲ್ಲ.

ನಾನು ಮೊದಲು ನೋಡಿದ್ದು ಅಪ್ಪನ ಮುಖವನ್ನು. ಅಪ್ಪ ಈಗ ಏನನ್ನುತ್ತಾರೆ? ಇಂಜಿನಿಯರು ಮೆಷೀನಿನ ಬಾಗಿಲ ಬಳಿ ಬಗ್ಗಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕೆಲಸದವರ ಕೈ ಒಳಗೆ ಸಿಕ್ಕದಂತೆ ಕಾಯಲು ಅಲ್ಲೊಂದು ಪುಟ್ಟ ಗಾಜಿನ ಕಣ್ಣಿದೆ. ಎದುರಿಗೆ ಏನು ಅಡ್ಡ ಬಂದರೂ ಕೈಯೆಂದು ತಿಳಿದು ಮೆಷೀನನ್ನು ತಡೆದು ನಿಲ್ಲಿಸುತ್ತದೆ. ಹಣೆಯಷ್ಟು ಎತ್ತರದಲ್ಲಿ ದುಂಡಗೆ ಕಂಡ ಆ ಕಣ್ಣಿಗೇ ಅಪ್ಪ ದಪ್ಪಗೆ ಕುಂಕುಮ ಇಟ್ಟಿದ್ದರು.

ಆಕೆ ಒರೆಸಲು ಬಟ್ಟೆ ತೆಗೆದಳು. ಅಪ್ಪ ಅದನ್ನು ಅವಳ ಕೈಯಿಂದ ಇಸಿದುಕೊಂಡು ತಾವೇ ಒರೆಸಿದರು. ಆಮೇಲೆ ಕುಂಕುಮದ ಬಟ್ಟಲನ್ನು ಅವಳ ಮುಂದೆ ಹಿಡಿದರು.

“ಎಲ್ಲಿಡ್ಬೇಕೋ ನೀನೇ ತೋರ್ಸಮ್ಮ.”