ನಲವತ್ತು ರಿಂಗುಗಳ ತಾಳ್ಮೆ

ನರಗಳ ಹೊದಿಕೆ ಸವೆದು ಕೈಕಾಲು ಹೇಳಿದ ಮಾತು ಕೇಳದಂತಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯವರಿಗೆ ಒತ್ತಾಸೆಯಾಗಿ ನಿಂತ ನಮ್ಮ ರಾಷ್ಟ್ರೀಯ ಸಂಸ್ಥೆಯಲ್ಲಿ ಅಧ್ಯಕ್ಷರ ಹೆಸರು ಮರೆತವರುಂಟು, ಸಹಾಯವಾಣಿಯ ಅಕ್ಕನವರನ್ನು ಮರೆತವರಿಲ್ಲ. ಇಪ್ಪತ್ತೊಂಬತ್ತು ವರ್ಷ ಕಿಟಕಿ ಪಕ್ಕದ ಅದೇ ಮೇಜಿನಲ್ಲಿ ಕುಳಿತು, ಒಂಟಿಯಾಗಿರುವ ರೋಗಿಗಳಿಗೆ ವಾರಕ್ಕೊಮ್ಮೆ ಕರೆಮಾಡಿ ಕ್ಷೇಮ ವಿಚಾರಿಸುತ್ತಿದ್ದ ಈ ಹಿರಿಯರು ಈಗ ನಿವೃತ್ತರಾಗಿದ್ದಾರೆ.

ಸೇರಿದ ವರ್ಷವೇ ಅವರಿಂದ ಒಂದು ತಪ್ಪಾಗಿತ್ತು. ಆರು ರಿಂಗಾದರೂ ಫೋನೆತ್ತದ ಟೀಚರೊಬ್ಬರ ಹೆಸರಿನ ಮುಂದೆ ‘ಮನೆಯಲ್ಲಿಲ್ಲ’ ಎಂದು ಬರೆದುಬಿಟ್ಟರು. ಆ ಟೀಚರು ಗೋಡೆ ಹಿಡಿದುಕೊಂಡು ಬಂದು ಕೈ ಚಾಚುವಷ್ಟರಲ್ಲಿ ಸದ್ದು ನಿಂತಿತ್ತಂತೆ. “ನನಗಿಂತ ನಿಮಗೇ ಅವಸರ ಇತ್ತೇನೋ,” ಎಂದು ಮರುದಿನ ಅವರು ನಗುತ್ತಲೇ ಹೇಳಿದರು. ಅಕ್ಕನವರಿಗೆ ಅಂದು ಊಟ ಸೇರಲಿಲ್ಲ. ಅಂದಿನಿಂದ ನಲವತ್ತು ರಿಂಗಾಗುವ ತನಕ ಫೋನಿಡುವುದಿಲ್ಲವೆಂಬುದು ಅವರ ವ್ರತವಾಯಿತು. ಬೆರಳು ಮಡಚಿ ಎಣಿಸುತ್ತಿದ್ದ ಅವರನ್ನು ನಾವು ಗೇಲಿ ಮಾಡಿದ್ದೂ ಉಂಟು.

ಬೀಳ್ಕೊಡುಗೆಯ ದಿನ ಸಭೆ ಸೇರಿತ್ತು. ಅಕ್ಕನವರು ಮಾತ್ರ ಮೇಜು ಬಿಟ್ಟೇಳಲಿಲ್ಲ. ಒಂಟಿಯಾಗಿ ಬದುಕುವ ಹಳೆಯ ದರ್ಜಿಯೊಬ್ಬರು ಎಂದೂ ಇಪ್ಪತ್ತೈದನೆಯ ರಿಂಗು ದಾಟಿಸಿದವರಲ್ಲ, ಅಂದು ಎತ್ತಲೇ ಇಲ್ಲ. ಸಾಲದ್ದಕ್ಕೆ, ಕಚೇರಿಗೆ ಅಂದಷ್ಟೇ ಬಂದಿದ್ದ ಹೊಸ ಫೋನು ಹತ್ತು ರಿಂಗಿಗೇ ಕರೆ ಕಡಿದುಬಿಡುತ್ತಿತ್ತು. ಮತ್ತೆ ಒತ್ತಿದರು, ಮತ್ತೆ ಕಡಿಯಿತು. ಬಚ್ಚಲಲ್ಲಿ ಜಾರಿದರೋ, ಒಲೆ ಹಚ್ಚಿಟ್ಟು ಬಿದ್ದರೋ ಎಂಬ ದಿಗಿಲಿನಲ್ಲಿ ಒತ್ತುತ್ತಲೇ ಇದ್ದರು.

“ಬನ್ನಿ ಅಕ್ಕ, ಎಲ್ಲರೂ ಕಾಯ್ತಾ ಇದ್ದಾರೆ,” ಎಂದರು ನಿರ್ದೇಶಕರು.

“ಕಾಯ್ಲಿ ಬಿಡಿ ಸಾರ್. ನಿಮಗೆಲ್ಲ ಕಾಲು ನೆಟ್ಟಗಿದೆ.”

ನಿರ್ದೇಶಕರು ದರ್ಜಿಯವರ ನೆರೆಮನೆಯ ನಂಬರು ಹುಡುಕತೊಡಗಿದರು. ಆರನೆಯ ಸಲ, ಒಟ್ಟು ಐವತ್ತನಾಲ್ಕನೆಯ ರಿಂಗಿಗೆ, ಆ ಕಡೆ ಫೋನು ಎತ್ತಿದ ಸದ್ದಾಯಿತು.

“ಇವತ್ತು ಕಾಲು ಏಳಲೇ ಇಲ್ಲ ಅಕ್ಕ, ತೆವಳ್ಕೊಂಡು ಬಂದೆ. ಬಿಟ್ಟು ಬಿಟ್ಟು ಬಡ್ಕೊಳ್ತಾ ಇತ್ತಲ್ಲ, ನೀವೇ ಅಂತ ಗೊತ್ತಾಯ್ತು. ನೀವು ಬಿಡೋರಲ್ಲ ಅಂತಾನೇ ನಿಧಾನಕ್ಕೆ ಬಂದೆ.”

ನಾಳೆಯಿಂದ ತಾನಿಲ್ಲ ಎಂಬುದನ್ನು ಅಕ್ಕನವರು ಅವರಿಗೆ ಹೇಳಹೋಗಲಿಲ್ಲ. ಸಂಸ್ಥೆಯ ನರ್ಸೊಬ್ಬರನ್ನು ದರ್ಜಿಯವರ ಮನೆಗೆ ಕಳಿಸಿದ ಮೇಲೆಯೇ ಸಭೆಗೆ ಬಂದರು. ಭಾಷಣ ಮಾಡಲಿಲ್ಲ. “ಆ ಫೋನನ್ನ ನಲವತ್ತಕ್ಕೆ ಇಡ್ಸಿ,” ಎಂದಷ್ಟೇ ಕೇಳಿದರು.

ಫೋನು ಸರಿಯಾಗಿದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ನಮಗಿದೆಯೇ ಎಂಬ ಅಳುಕು ಮಾತ್ರ ಹೋಗಿಲ್ಲ. ಅಕ್ಕನವರು ಬಹುಕಾಲ ಆರೋಗ್ಯದಿಂದ ಬಾಳಲಿ, ಆಗಾಗ ಬಂದು ನಮ್ಮ ಅವಸರಕ್ಕೆ ಕಡಿವಾಣ ಹಾಕುತ್ತಿರಲಿ. ವಾರಕ್ಕೊಮ್ಮೆ ಅವರ ಮನೆಗೂ ನಾವು ಫೋನು ಮಾಡುತ್ತೇವೆ. ನಿಧಾನವಾಗಿ ಬನ್ನಿ ಅಕ್ಕ, ನಾವು ಇಡುವುದಿಲ್ಲ.